ಮೆಲ್ಲಗೆ ಮುಚ್ಚಿದ ಬಾಗಿಲು

“ಪುಶ್ ಅಲ್ಲ ಮೇಡಂ, ಶವ್,” ಎಂದ ಟ್ಯಾಕ್ಸಿಯವನು.

ನಾನು ಒಂದು ಕ್ಷಣ ಕಣ್ಣು ಮುಚ್ಚಿಕೊಂಡೆ. ಭಾನುವಾರದ ತರಗತಿಯಲ್ಲಿ, ಎಲ್ಲರ ಕಣ್ಣೆದುರು, ಇಂಗ್ಲಿಷ್ ಮೇಷ್ಟ್ರು ಈ ಕೋಣೆಯ ಹಿಂಬಾಗಿಲಿನಿಂದ ಆಚೆ ಹೋಗಿ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ತಲೆಯೊಡೆದುಕೊಂಡು ಬಿದ್ದಿದ್ದರು. ಇನ್ನೂ ಎಚ್ಚರವಾಗಿಲ್ಲ. ತಳ್ಳಿದವಳು ಎಂದು ಪೊಲೀಸರು ನಿನ್ನೆ ಸಂಜೆಯಿಂದ ಹಿಡಿದಿಟ್ಟಿರುವುದು ನನ್ನ ಅಕ್ಕನ ಮಗಳನ್ನು. ಇಷ್ಟಾದರೂ ಆ ತರಗತಿಯವನೇ ಆದ ಈ ಮಹಾಶಯನಿಗೆ ಪದದ ಚಿಂತೆ.

“ತಳ್ಳಿದ್ದು ನಿಜ ತಾನೇ?” ಎಂದೆ.

“ನಿಜ. ಆದ್ರೆ ಕಾರು ಕೆಟ್ಟು ನಿಂತ್ರೆ ಹಿಂದಿನಿಂದ ನೂಕ್ತೀವಲ್ಲ, ಅದು ಪುಶ್. ಅದ್ರಲ್ಲಿ ಸಿಟ್ಟಿರಲ್ಲ. ಬಸ್ಸಿನ ಬಾಗಿಲಲ್ಲಿ ಎದುರಿಗಿರೋನೂ ಮನುಷ್ಯ ಅನ್ನೋದನ್ನ ಮರ್ತು ದಬ್ಬುತಾರಲ್ಲ, ಅದು ಶವ್.”

“ಹಾಗಾದ್ರೆ ಹುಡುಗಿ ಸಿಟ್ಟಲ್ಲಿ ದಬ್ಬಿದ್ಲಾ?”

“ಛೆ ಛೆ. ಸಿಟ್ಟು ಬಂದ ಹಾಗೆ ಆಕ್ಟಿಂಗು ಮೇಡಂ. ಅದೇ ಅವತ್ತಿನ ಪಾಠ.”

ಆ ‘ಶವ್’ ಕಿವಿಗೆ ಬಿದ್ದಾಗಲೆಲ್ಲ ‘ಶವ’ ಎಂದೇ ಕೇಳಿಸಿ ನನಗೆ ಆಸ್ಪತ್ರೆಯ ಮಂಚವೇ ಕಣ್ಣೆದುರು ಬಂದು ಮೈ ಉರಿಯುತ್ತಿತ್ತು. ಕಿಟಕಿಯ ಹತ್ತಿರ ನಿಂತಿದ್ದ ಇನ್‌ಸ್ಪೆಕ್ಟರು ನನ್ನತ್ತ ನೋಡಿ ಕೈ ಚೆಲ್ಲಿದರು. ಒಂದು ಕಾಲದಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗ. ಈಗ ತಲೆಯಲ್ಲಿ ಕೂದಲು ಕಡಿಮೆ, ಹೆಗಲ ಮೇಲೆ ನಕ್ಷತ್ರ ಜಾಸ್ತಿ. ನಾನು ಪೊಲೀಸ್ ಕೆಲಸದಿಂದ ನಿವೃತ್ತಳಾಗಿ ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಕೂರಬೇಕಾದವಳು. ಹಳೆಯ ಸಲಿಗೆಯಿಂದ ಸಂಜೆಯವರೆಗಿನ ಅವಕಾಶ ಕೇಳಿಕೊಂಡಿದ್ದೆ.

“ಸಂಜೆ ಅವಳನ್ನ ಕೋರ್ಟಿಗೆ ಹಾಜರು ಮಾಡ್ಲೇಬೇಕು ಮೇಡಂ,” ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. “ಮೇಷ್ಟ್ರಿಗೆ ಏನಾದ್ರೂ ಆಗಿಬಿಟ್ರೆ ಕೇಸು ಬೇರೆಯೇ ಆಗತ್ತೆ. ಆಮೇಲೆ ನನ್ನ ಕೈಯಲ್ಲಿ ಏನೂ ಇರಲ್ಲ.”

ಟೈರ್ ಅಂಗಡಿಯ ಮೇಲಿನ ಕೋಣೆ ಅದು. ಸುಟ್ಟ ರಬ್ಬರಿನ ವಾಸನೆ ನೆಲದಿಂದಲೇ ಏಳುತ್ತದೆ. ಒಂದು ತುದಿಯಲ್ಲಿ ಬೀದಿ ಕಡೆಯ ಮುಂಬಾಗಿಲು, ಇನ್ನೊಂದು ತುದಿಯಲ್ಲಿ ಮೊಣಕಾಲೆತ್ತರದ ಮರದ ಜಗಲಿ. ಜಗಲಿಯ ಹಿಂದೆ ನೀಲಿ ಪರದೆ, ಪರದೆಯ ಹಿಂದೆ ಆ ಹಾಳು ಬಾಗಿಲು. ಅದರಾಚೆ ಇಬ್ಬರು ನಿಲ್ಲುವಷ್ಟು ಜಾಗದ ಕಬ್ಬಿಣದ ಅಟ್ಟಣೆ, ಅಲ್ಲಿಂದ ಹಿಂದಿನ ಓಣಿಗೆ ಇಳಿಯುವ ಮೆಟ್ಟಿಲು.

ಮೇಷ್ಟ್ರ ಪಾಠದ ರೀತಿಯೇ ಬೇರೆ. ಒಂದೇ ಅರ್ಥ ಎಂದು ಜನ ತಿಳಿದುಕೊಂಡ ಎರಡು ಪದಗಳನ್ನು ತೆಗೆದುಕೊಂಡು, ಬಾಯಿಮಾತಿನಲ್ಲಿ ವಿವರಿಸದೆ ಆಡಿ ತೋರಿಸುತ್ತಿದ್ದರು. ಕುರ್ಚಿಯಲ್ಲಿ ಒಬ್ಬರೇ ಕೂತು ಕಾಲು ಕುಣಿಸುತ್ತ ಪೇಪರ್ ಓದಿದರೆ ಅದು ‘ಅಲೋನ್’. ಅದೇ ಕುರ್ಚಿಯಲ್ಲಿ ಕೂತು, ಬಾರದ ಫೋನನ್ನು ಎತ್ತಿ ನೋಡಿ, ಮತ್ತೆ ಇಟ್ಟು, ಮತ್ತೆ ಎತ್ತಿ ನೋಡಿದರೆ ಅದು ‘ಲೋನ್ಲಿ’. ನನ್ನ ಅಕ್ಕನ ಮಗಳು ಪುಟ್ಟಿಯೇ ಅವರ ಸಹಾಯಕಿ. ಹೊಡೆಯುವವಳು, ಬೈಯುವವಳು, ಕದಿಯುವವಳು ಎಲ್ಲ ಅವಳೇ. ಹೊಡೆಸಿಕೊಳ್ಳುವುದು ಮೇಷ್ಟ್ರ ಪಾಲು.

ಒಮ್ಮೆ ‘ಫೇಂಟ್’ ಎಂದು ತೋರಿಸಲು ಮೇಷ್ಟ್ರು ದೊಪ್ಪನೆ ಬಿದ್ದಾಗ ಮುಂದಿನ ಸಾಲಿನ ಯಾರೋ ಒಂದು ಜಗ್ಗು ನೀರು ತಂದು ಮುಖಕ್ಕೆ ಸುರಿದರಂತೆ. ಅಂದಿನಿಂದ ಒಂದು ಕಟ್ಟಪ್ಪಣೆ: ಜಗಲಿಯ ಮೇಲೆ ಏನೇ ನಡೆಯಲಿ, ಮೇಜಿನ ಗಂಟೆ ಬಾರಿಸುವವರೆಗೆ ಯಾರೂ ಏಳಬಾರದು, ಬಾಯಿ ಬಿಡಬಾರದು. ಕಣ್ಣಿಟ್ಟು ನೋಡಿ, ಆಮೇಲೆ ಪದ ಹೇಳಬೇಕು.

ಆ ಕಟ್ಟಪ್ಪಣೆಯೇ ಅವರಿಗೆ ಮುಳುವಾಯಿತು. ಪುಟ್ಟಿ ತಳ್ಳಿದಳು. ಎಂದಿನಂತೆ ಮೇಷ್ಟ್ರ ಬೆನ್ನು ಪರದೆಯ ಹಿಂದಿನ ಬಾಗಿಲಿಗೆ ಬಡಿದು ಎಲ್ಲರೂ ನಗಬೇಕಿತ್ತು. ಅವತ್ತು ಚಿಲಕ ಹಾಕಿರಲಿಲ್ಲ. ಮೇಷ್ಟ್ರು ಪರದೆಯ ಹಿಂದೆ ಹೋದವರು ಬರಲೇ ಇಲ್ಲ. ತರಗತಿ ಕೈಕಟ್ಟಿ ಕೂತಿತ್ತು. ಟೈರ್ ಅಂಗಡಿಯವನು ಓಣಿಯಿಂದ ಕೂಗಿಕೊಂಡಾಗಲೇ ಇವರು ಎದ್ದದ್ದು.

ಇಷ್ಟು ಜನ ಸಾಕ್ಷಿಗಳಿದ್ದೂ ಒಬ್ಬ ಸಾಕ್ಷಿಯೂ ಇಲ್ಲದ ಕೇಸನ್ನು ನನ್ನ ಇಡೀ ನೌಕರಿಯಲ್ಲಿ ನಾನು ಕಂಡಿರಲಿಲ್ಲ.

“ಒಂದೇ ಒಂದು ಮಾತು ಹೇಳ್ರಿ,” ಎಂದು ಎಲ್ಲರನ್ನೂ ನೋಡಿದೆ. “ಅವ್ರು ಬರ್ಲಿಲ್ಲ ಅಂತ ಯಾರಿಗೂ ಗಾಬರಿ ಆಗ್ಲಿಲ್ವಾ?”

ಬ್ಯಾಂಕಿನ ಗುಮಾಸ್ತ ಗಂಟಲು ಸರಿಪಡಿಸಿಕೊಂಡ. ತರಗತಿಯಲ್ಲಿ ಇವನಿಗೆ ಡಿಕ್ಷನರಿ ಎಂದೇ ಹೆಸರು. “ಮುಂಚೆ ಒಂದ್ಸಲ ಹಾಗೇ ಮಾಡಿದ್ರು ಮೇಡಂ. ಡಿಸಪಿಯರ್, ವ್ಯಾನಿಶ್ ಪಾಠ. ಮೊದ್ಲು ಮೆಲ್ಲಗೆ ಪರದೆ ಹಿಂದೆ ಸರಿದ್ರು, ಅದು ಡಿಸಪಿಯರ್. ಎರಡ್ನೇ ಸಲ ಚಿಟಿಕೆ ಹೊಡೆಯೋದ್ರೊಳಗೆ ಹಿಂಬಾಗಿಲಿಂದ ಓಡಿಹೋಗಿ, ಕಟ್ಟಡ ಸುತ್ತಿ, ಮುಂಬಾಗಿಲಿಂದ ಬಂದು ನಮ್ಮ ಬೆನ್ನ ಹಿಂದೆ ನಿಂತು ನಕ್ಕಿದ್ರು. ಅದು ವ್ಯಾನಿಶ್. ನಾವು ಈ ಸಲನೂ ಹಾಗೇ ಬರ್ತಾರೆ ಅಂತ...”

ಪಾಪ ಎನಿಸಿತು, ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದರೆ ನನ್ನ ಮುಖ ಗಂಟಿಕ್ಕಿಕೊಳ್ಳುತ್ತದೆ ಎಂದು ಅಕ್ಕ ಹೇಳುತ್ತಿರುತ್ತಾಳೆ.

ಅಷ್ಟರಲ್ಲಿ ಅವಳದೇ ಫೋನು.

“ಮೇಷ್ಟ್ರಿಗೆ ಎಚ್ಚರ ಆಯ್ತಾ?” ಎಂದಳು ಅಕ್ಕ. ಹಲೋ ಇಲ್ಲ, ಏನಿಲ್ಲ.

“ಇನ್ನೂ ಇಲ್ಲ.”

“ಡಾಕ್ಟ್ರು ಏನಂತಾರೆ?”

“ಇವತ್ತು ನಾಳೆಯಲ್ಲಿ ಆದ್ರೂ ಆಗಬಹುದಂತೆ. ಅಕ್ಕಾ, ಮಗಳು ಊಟ ಮಾಡಿದ್ಲಾ ಅಂತಾನಾದ್ರೂ ಒಂದ್ಸಲ ಕೇಳೇ.”

“ಎಚ್ಚರ ಆದ ತಕ್ಷಣ ನಂಗೆ ಹೇಳು,” ಎಂದು ಇಟ್ಟುಬಿಟ್ಟಳು.

ಭಾನುವಾರದಿಂದ ಇದೇ ಒಂದು ಪ್ರಶ್ನೆ. ಬೆಳಿಗ್ಗೆ ಕಾಫಿಗೆ ಮುಂಚೆ ಅದೇ, ನಾನು ಚಪ್ಪಲಿ ಮೆಟ್ಟುವಾಗ ಅದೇ. ಅವಳನ್ನು ದೂರುವಂತೆಯೂ ಇಲ್ಲ. ಮೇಷ್ಟ್ರು ಕಣ್ಣು ಬಿಟ್ಟು ಬಾಯಿ ತೆರೆದರೆ ಮಗಳು ಬಿಡುಗಡೆ. ಹೆತ್ತವಳಿಗೆ ಬೇರೆ ಇನ್ನೇನು ಹೊಳೆದೀತು. ಆದರೂ ನನಗೆ ರೇಗುತ್ತಿತ್ತು. ತರಕಾರಿ ಹೆಚ್ಚುವಾಗ ಚಾಕು ತಾಗಿತು ಎಂದು ಹೆಬ್ಬೆರಳಿಗೆ ದಪ್ಪಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಾಳೆ. ಅಡುಗೆ, ಪಾತ್ರೆ, ಠಾಣೆ, ಆಸ್ಪತ್ರೆ ಎಲ್ಲ ನನ್ನ ತಲೆಗೇ ಬಿದ್ದಿದೆ. ಮಗಳನ್ನು ನೋಡಲು ಬಾ ಎಂದರೆ, ಆ ಜಾಗ ನನ್ನಿಂದ ನೋಡಲಾಗದು ಎನ್ನುತ್ತಾಳೆ.

ಪುಟ್ಟಿಯನ್ನು ನಾನು ಬೆಳಿಗ್ಗೆ ಕಂಡಿದ್ದೆ. ಅತ್ತು ಅತ್ತು ಮುಖ ಊದಿತ್ತು.

“ಚಿಕ್ಕಮ್ಮ, ನಾನು ಪರದೆ ಸರಿಸಿ ನೋಡ್ದೆ. ಬಾಗಿಲು ಮುಚ್ಚಿತ್ತು,” ಎಂದಿದ್ದಳು. “ಮೇಷ್ಟ್ರೇ ಆಚೆಯಿಂದ ಎಳ್ಕೊಂಡಿದ್ದಾರೆ, ಮತ್ತೆ ವ್ಯಾನಿಶ್ ಆಟ ಆಡ್ತಿದ್ದಾರೆ ಅಂದ್ಕೊಂಡೆ. ಅವ್ರದ್ದು ಒಂದು ಚಪ್ಪಲಿ ಹೊಸ್ತಿಲ ಒಳಗೇ ಬಿಟ್ಟೋಗಿತ್ತು. ಎತ್ಕೊಂಡು ಬೆನ್ನ ಹಿಂದೆ ಇಟ್ಕೊಂಡೆ. ಅವ್ರು ಒಂದೇ ಚಪ್ಪಲಿಯಲ್ಲಿ ಕುಂಟ್ತಾ ಮುಂಬಾಗಿಲಿಂದ ಬಂದಾಗ ತೋರ್ಸಿ ಎಲ್ಲರನ್ನೂ ನಗಿಸೋಣ ಅಂತ. ಅವ್ರು ಕೆಳಗೆ ಬಿದ್ದಿದ್ರು ಚಿಕ್ಕಮ್ಮ. ನಾನು ಮೇಲೆ ಚಪ್ಪಲಿ ಹಿಡ್ಕೊಂಡು ನಗ್ತಾ ನಿಂತಿದ್ದೆ.”

ಆ ಚಪ್ಪಲಿಯ ಸಂಗತಿಯನ್ನು ಅವಳು ಪೊಲೀಸರಿಗೆ ಹೇಳಿರಲಿಲ್ಲ. ನಾಚಿಕೆ. ಕೂಗು ಕೇಳಿ ಎಲ್ಲರಿಗಿಂತ ಮೊದಲು ಓಡಿಹೋದಾಗ ಅದನ್ನು ಮೇಷ್ಟ್ರ ಪಾದದ ಹತ್ತಿರ ಇಟ್ಟಳಂತೆ. ಹಿಂದೆಯೇ ಇಳಿದುಬಂದವರೆಲ್ಲ ಕಂಡದ್ದು ಎರಡೂ ಚಪ್ಪಲಿ ಅಲ್ಲೇ ಇದ್ದುದನ್ನು.

ಇನ್‌ಸ್ಪೆಕ್ಟರಿಗೆ ಬೇಕಾದದ್ದು ಬಾಗಿಲು ಮಾತ್ರ. “ಬೀಳೋ ಮನುಷ್ಯ ಬಾಗಿಲು ಮುಚ್ಕೊಂಡು ಬೀಳ್ತಾನಾ ಮೇಡಂ? ಯಾರೋ ಮುಚ್ಚಿರಬೇಕು. ಹತ್ರ ಇದ್ದವಳು ಇವಳೊಬ್ಳೇ. ತಳ್ಳಿ, ಬಾಗಿಲು ಮುಚ್ಚಿ, ಏನೂ ಆಗದ ಹಾಗೆ ಕ್ಲಾಸಿನ ಮುಂದೆ ನಿಂತ್ಲು. ಜಡ್ಜ್ ಎದುರು ಇದು ಹೇಗೆ ಕಾಣತ್ತೆ ನೀವೇ ಹೇಳಿ.”

ಹೇಗೆ ಕಾಣುತ್ತದೆ ಎಂದು ನನಗೂ ಗೊತ್ತಿತ್ತು.

ನಾನು ಎದ್ದು ಹೋಗಿ ಬಾಗಿಲನ್ನು ಮತ್ತೊಮ್ಮೆ ನೋಡಿದೆ. ಹೊರಕ್ಕೆ ತೆರೆದುಕೊಳ್ಳುವ ಭಾರದ ಮರ. ತಳ್ಳಿಬಿಟ್ಟರೆ ಆಚೆಯ ಕಂಬಿಗೆ ಹೊಡೆದು ಅಲ್ಲೇ ನಿಲ್ಲುತ್ತದೆ, ತಾನಾಗಿ ಹಿಂದಕ್ಕೆ ಬರುವುದಿಲ್ಲ. ಒಳಗಡೆ ಚಿಲಕ ಬಿಟ್ಟರೆ ಹಿಡಿಯಲು ಏನೂ ಇಲ್ಲ. ಒಳಗಿನವರು ಮುಚ್ಚಬೇಕಾದರೆ ಅರ್ಧ ಮೈ ಆಚೆ ಚಾಚಿ, ಅಂಚು ಹಿಡಿದು ಎಳೆದುಕೊಳ್ಳಬೇಕು. ಹಾಗೆ ಚಾಚಿದ್ದರೆ ಪುಟ್ಟಿಗೆ ಮೆಟ್ಟಿಲು ಕಾಣುತ್ತಿತ್ತು.

“ಗಾಳಿಗೆ ಮುಚ್ಚಿರಬಹುದಾ?” ಎಂದು ಕೇಳಿದೆ.

“ಇಲ್ಲ ಮೇಡಂ, ಅದು ಶಟ್ ಆಗಿಲ್ಲ,” ಎಂದಳು ಹೋಟೆಲಿನ ರಿಸೆಪ್ಶನ್ ಹುಡುಗಿ. “ಕ್ಲೋಸ್ ಆಯ್ತು.”

“ಅಮ್ಮಾ ತಾಯಿ.”

“ಅಲ್ಲ ಮೇಡಂ, ಕೇಳಿ. ಸಿಟ್ಟಲ್ಲೋ ಅವಸರದಲ್ಲೋ ಹಾಕಿದ್ರೆ ಶಟ್. ಧಡ್ ಅನ್ನತ್ತೆ. ಗೆಸ್ಟ್ ಮಲಗಿರ್ತಾರಲ್ಲ, ಅವ್ರಿಗೆ ಎಚ್ಚರ ಆಗಬಾರ್ದು ಅಂತ ನಾವು ರೂಮಿನ ಬಾಗಿಲು ಹಾಕ್ತೀವಲ್ಲ, ಅದು ಕ್ಲೋಸ್. ಅವತ್ತು ಮೊದ್ಲು ಧಡಾರ್ ಅಂತು, ಮೇಷ್ಟ್ರು ಆಚೆ ಹೋದಾಗ. ಆಮೇಲೆ ಸುಮ್ನೆ ಟಕ್ ಅಂತ ಸಣ್ಣ ಸದ್ದು ಬಂತು.”

ನಾನು ಅವಳನ್ನೇ ನೋಡುತ್ತ ನಿಂತೆ. ಬೆಳಗಿನಿಂದ ಜರಡಿ ಹಿಡಿದದ್ದಕ್ಕೆ ಒಂದು ಕಾಳು ಸಿಕ್ಕಿತ್ತು. ಮೆಲ್ಲಗೆ ಮುಚ್ಚಿದ ಬಾಗಿಲು. ಅಂದರೆ ಗಾಳಿಯಲ್ಲ, ಕೈ. ಅದೂ ಹೊರಗಿನ ಕೈ.

“ಹೊರಗೆ ಯಾರೂ ಇರ್ಲಿಲ್ಲ ಅಂತಾನೆ ಟೈರ್ ಅಂಗಡಿಯವನು,” ಎಂದರು ಇನ್‌ಸ್ಪೆಕ್ಟರು.

“ಅವನು ಓಣಿಗೆ ಬಂದದ್ದೇ ಮೇಷ್ಟ್ರು ಬಿದ್ದು ಎಷ್ಟೋ ಹೊತ್ತಾದ್ಮೇಲೆ ನೋಡಪ್ಪಾ. ಅಷ್ಟ್ರಲ್ಲಿ ಯಾರು ಬೇಕಾದ್ರೂ ಇಳಿದು ಹೋಗಿರಬಹುದು.”

“ಇಲ್ಲಿ ಒಳಗಿಂದ ಚಿಲಕ ತೆಗೆದವರು ಯಾರು ಹಾಗಾದ್ರೆ?”

ಎಲ್ಲರನ್ನೂ ಭಾನುವಾರ ಕೂತಿದ್ದ ಹಾಗೆಯೇ ಕೂರಿಸಿದೆ. ಅದಕ್ಕೂ ಒಂದು ಜಗಳವಾಯಿತು. ಟ್ಯಾಕ್ಸಿಯವನು ತನ್ನ ಕುರ್ಚಿಯ ಕಾಲು ಅಲ್ಲಾಡುತ್ತಿರಲಿಲ್ಲ, ಇದು ಬೇರೆ ಎಂದ. ಡಿಕ್ಷನರಿ ತನ್ನ ಎದುರು ಆವತ್ತು ಗೋಡೆ ಇಷ್ಟು ಹತ್ತಿರ ಇರಲಿಲ್ಲ ಎಂದ. ಗೋಡೆಯೇನು ನಡೆದು ಬಂತೇ ಎಂದು ಕೇಳಿದ ಮೇಲೆ ಸುಮ್ಮನಾದ.

“ಮೇಷ್ಟ್ರು ಆಚೆ ಹೋದ್ರು. ಆಮೇಲೆ ನೀವೆಲ್ಲ ಯಾವ ಕಡೆ ನೋಡಿದ್ರಿ?” ಎಂದೆ.

ಎಲ್ಲರ ಕುತ್ತಿಗೆಯೂ ಒಟ್ಟಿಗೆ ಹಿಂದಕ್ಕೆ, ಮುಂಬಾಗಿಲಿನ ಕಡೆ ಹೊರಳಿತು.

“ಎಲ್ಲರೂ?”

“ಎಲ್ಲರೂ,” ಎಂದ ಡಿಕ್ಷನರಿ. “ಅಲ್ಲಿಂದ ತಾನೇ ಬರೋದು ಅವ್ರು.”

ಬಲತುದಿಯ ಕುರ್ಚಿಯಲ್ಲಿದ್ದ ಕನ್ನಡಕದಂಗಡಿಯಾಕೆಯೂ ಹೌದೆಂದು ತಲೆಯಾಡಿಸಿದಳು. ಮೆತ್ತಗಿನ ಹೆಂಗಸು. ಮನೆ ಹತ್ತಿರವಾದ್ದರಿಂದ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಜೋಡಿಸುವವಳಂತೆ. ತರಗತಿ ಶುರುವಾದ ದಿನದಿಂದಲೂ ಇದ್ದಾಳೆ. ಮಾತು ಕಡಿಮೆ. ಬೆಳಗಿನಿಂದ ನನಗೆ ಪದವ್ಯತ್ಯಾಸ ಕಲಿಸದ ಏಕೈಕ ವ್ಯಕ್ತಿ ಎಂದು ನಾನು ಮನಸ್ಸಿನಲ್ಲೇ ಅವಳಿಗೆ ಕೈಮುಗಿದಿದ್ದೆ.

ನನಗೆ ಸಾಕಾಗಿತ್ತು. ಕುರ್ಚಿಗೆ ಒರಗಿ ಮಂಡಿ ಒತ್ತಿಕೊಂಡೆ. ಅವರ ಪಾಡಿಗೆ ಅವರು ಶುರುಮಾಡಿದರು.

“ಪಾಪ, ಸ್ಲೈಡ್ ಆಗಿ ಹೋದ್ರು,” ಎಂದ ಟ್ಯಾಕ್ಸಿಯವನು.

“ಸ್ಲೈಡ್ ಅಲ್ಲ ಮಾರಾಯ, ಸ್ಲಿಪ್,” ಎಂದ ಡಿಕ್ಷನರಿ. “ಮಕ್ಕಳು ಜಾರುಬಂಡೆಯಲ್ಲಿ ಜಾರೋದು ಸ್ಲೈಡ್. ಗೊತ್ತಿಲ್ದೆ ಕಾಲು ತಪ್ಪಿದ್ರೆ ಸ್ಲಿಪ್. ಅವ್ರ ಆ ಸವೆದ ಚಪ್ಪಲಿ ಇತ್ತಲ್ಲ, ಕಬ್ಬಿಣದ ಮೇಲೆ ಅದು ಸ್ಲಿಪ್ ಆಗದೆ ಇನ್ನೇನಾಗತ್ತೆ.”

“ಚಪ್ಪಲಿ ಹೇಗೆ ಜಾರತ್ತೆ?” ಎಂದಳು ಕನ್ನಡಕದಂಗಡಿಯಾಕೆ, ತನ್ನಷ್ಟಕ್ಕೆ ತಾನು ಹೇಳಿಕೊಂಡಂತೆ. “ಒಂದು ಇಲ್ಲೇ ಹೊಸ್ತಿಲ ಹತ್ರ ಉಳಿದಿತ್ತಲ್ಲ.”

ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಡಿಕ್ಷನರಿ ಆಗಲೇ ಮೂರನೆಯದೊಂದು ಪದಕ್ಕೆ ಹಾರಿದ್ದ.

ನಾನು ಮಂಡಿಯಿಂದ ಕೈ ತೆಗೆದೆ.

“ನೋಡಪ್ಪಾ,” ಎಂದೆ ಇನ್‌ಸ್ಪೆಕ್ಟರಿಗೆ. “ಇವರನ್ನೆಲ್ಲ ಕರ್ಕೊಂಡು ಹೋಗಿ ಎದುರಿನ ಅಂಗಡಿಯಲ್ಲಿ ಟೀ ಕುಡಿಸು. ಈಯಮ್ಮ ನನ್ನ ಜೊತೆ ಇರ್ಲಿ. ನಂಗೆ ಮೆಟ್ಟಿಲು ಇಳಿಯೋಕೆ ಒಂದು ಕೈ ಬೇಕು.”

ಇನ್‌ಸ್ಪೆಕ್ಟರು ನನ್ನ ಮುಖ ನೋಡಿದರು. ಹಳೆಯ ಶಿಷ್ಯ, ಒಂದೂ ಪ್ರಶ್ನೆ ಕೇಳದೆ ಅಷ್ಟೂ ಜನರನ್ನು ಎಬ್ಬಿಸಿಕೊಂಡು ಹೋದರು. ಕೆಳಗೆ ಗಾಳಿ ತುಂಬುವ ಯಂತ್ರ ಬುಸುಗುಡುವುದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

“ಚಪ್ಪಲಿ ಹೊಸ್ತಿಲ ಹತ್ರ ಉಳಿದದ್ದು ನಿಮಗೆ ಹೇಗೆ ಗೊತ್ತು?” ಎಂದೆ.

ಅವಳು ನಾಲಿಗೆ ಕಚ್ಚಿಕೊಂಡಳು. “ಎಲ್ಲರೂ ಹೇಳ್ತಿದ್ರು.”

“ಯಾರೂ ಹೇಳಿಲ್ಲ. ಅದು ಪುಟ್ಟಿಗೆ ಗೊತ್ತು, ನಂಗೆ ಗೊತ್ತು. ಕೆಳಗೆ ಹೋದವರು ಎರಡೂ ಚಪ್ಪಲಿಯನ್ನ ಓಣಿಯಲ್ಲೇ ಕಂಡಿದ್ದಾರೆ.”

“ಪುಟ್ಟಿ ಎತ್ಕೊಳ್ಳೋದು ಕಾಣಿಸ್ತು.”

“ಕಾಣಿಸಬೇಕಾದ್ರೆ ನೀವು ಪರದೆ ಕಡೆ ನೋಡ್ತಿರಬೇಕು. ಇಡೀ ಕ್ಲಾಸು ಹಿಂದಕ್ಕೆ ತಿರುಗಿತ್ತು. ನಿಮಗೂ ಆ ಆಟ ಗೊತ್ತು, ನೀವೇ ಇಲ್ಲಿ ಹಳಬರು. ಆದ್ರೂ ನೀವೊಬ್ರೇ ತಿರುಗ್ಲಿಲ್ಲ. ಯಾಕೆ?”

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು.

“ನಿಮ್ಮ ಮೇಷ್ಟ್ರು ಇದಕ್ಕೂ ಪಾಠ ಮಾಡಿರ್ತಾರಲ್ವಾ?” ಎಂದೆ. ಬೆಳಗಿನಿಂದ ಕೇಳಿ ಕೇಳಿ ನನಗೂ ಆ ರೋಗ ಅಂಟಿತ್ತು. “ಕಣ್ಣಿಗೆ ಬೀಳೋದು ಒಂದು, ಕಣ್ಣು ಹಾಯಿಸೋದು ಇನ್ನೊಂದು, ಏನೋ ಆಗತ್ತೆ ಅಂತ ಕಣ್ಣು ಕೀಳದೆ ಕಾಯೋದು ಮತ್ತೊಂದು.”

“ಸೀ, ಲುಕ್, ವಾಚ್,” ಎಂದಳು ಅವಳು, ಕ್ಷೀಣವಾಗಿ. ತರಗತಿಯ ಅಭ್ಯಾಸ, ಬಾಯಿಗೆ ತಾನಾಗಿ ಬಂದಿತ್ತು.

“ನೀವು ಮಾಡಿದ್ದು ಯಾವುದು?”

ಅವಳ ಕಣ್ಣು ತುಂಬಿತು. ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು, ಮತ್ತೆ ತೆಗೆದಳು. ನನ್ನ ತಾಳ್ಮೆ ಹರಿಯುವುದರಲ್ಲಿತ್ತು.

“ಆ ಹುಡುಗಿ ಠಾಣೆಯಲ್ಲಿದ್ದಾಳೆ,” ಎಂದೆ. “ಸಂಜೆ ಕೋರ್ಟಿಗೆ ಹೋಗ್ತಾಳೆ. ನೀವು ಪ್ರತಿ ವಾರ ಬಂದು ಕುರ್ಚಿ ಜೋಡಿಸ್ತೀರಿ, ಅವಳು ನಿಮ್ಮನ್ನ ಅಕ್ಕಾ ಅಂತಾಳೆ. ಚಿಲಕ ತೆಗೆದದ್ದು ನೀವೇ ತಾನೇ?”

“ಕೆಟ್ಟದ್ದಕ್ಕಲ್ಲ ಮೇಡಂ,” ಎಂದಳು. “ದೇವರಾಣೆ ಕೆಟ್ಟದ್ದಕ್ಕಲ್ಲ. ಒಬ್ರು ಕೇಳ್ಕೊಂಡ್ರು. ಆಚೆ ಮೆಟ್ಟಿಲ ಮೇಲೆ ನಿಂತು ಪರದೆ ಸಂದಿಯಿಂದ ಒಂದೇ ಒಂದ್ಸಲ ಪಾಠ ನೋಡ್ತೀನಿ, ಯಾರಿಗೂ ಹೇಳ್ಬೇಡ, ಚಿಲಕ ತೆಗೆದು ಬೆರಳಷ್ಟು ಸಂದು ಬಿಡು ಅಂದ್ರು. ಅವತ್ತು ಮಾಡೋದು ಈ ತಳ್ಳೋ ಪಾಠಾನೇ ಅಂತ ನಂಗೇನು ಗೊತ್ತಿತ್ತು? ಮೇಷ್ಟ್ರು ಬೆಳಿಗ್ಗೆ ಬಂದ್ಮೇಲೆ ಹೇಳಿದ್ದು. ಪುಟ್ಟಿ ತಳ್ಳೋಕೆ ಕೈ ಎತ್ತಿದಾಗ ನಂಗೆ ಚಿಲಕ ನೆನಪಾಯ್ತು. ಕೂಗಬೇಕಿತ್ತು. ಗಂಟೆ ಆಗೋವರೆಗೂ ಬಾಯಿ ಬಿಡಬಾರ್ದಲ್ಲ ಮೇಡಂ, ಬಾಯಿ ಬರ್ಲಿಲ್ಲ.”

“ಯಾರು ಕೇಳಿದ್ದು?”

ಅವಳು ತಲೆ ತಗ್ಗಿಸಿದಳು.

“ಯಾರು ಅಂತ ಕೇಳ್ದೆ.”

“ಕಳೆದ ತಿಂಗಳು ನಮ್ಮಂಗಡಿಗೆ ಕನ್ನಡಕಕ್ಕೆ ಬಂದಿದ್ರು. ಮಗಳು ಅಷ್ಟು ಜನರ ಎದುರು ನಿಂತು ಇಂಗ್ಲಿಷ್ ಮಾತಾಡೋದನ್ನ ಕದ್ದು ನೋಡಬೇಕು, ಅವಳಿಗೆ ಗೊತ್ತಾದ್ರೆ ಸಂಕೋಚ ಪಟ್ಕೋತಾಳೆ ಅಂದ್ರು. ನಂಗೂ ಮಗಳಿದ್ದಾಳೆ ಮೇಡಂ. ಇಲ್ಲ ಅನ್ನೋಕೆ ಆಗ್ಲಿಲ್ಲ.”

ಕೆಳಗೆ ಯಂತ್ರ ನಿಂತಿತು. ನನ್ನ ಅಕ್ಕನ ಹೆಬ್ಬೆರಳಿನ ಬಟ್ಟೆ ನನ್ನ ಕಣ್ಣಿಗೆ ಕಟ್ಟಿತು. ಬಾಗಿಲು ಧಡಾರನೆ ತೆರೆದು ಆಚೆಯ ಕಂಬಿಗೆ ಬಡಿದಾಗ, ಸಂದಿಯಿಂದ ಇಣುಕುತ್ತಿದ್ದವಳ ಕೈ ಆ ಕಂಬಿಯ ಮೇಲಿದ್ದಿರಬೇಕು. ತರಕಾರಿಯಂತೆ, ಚಾಕು ತಾಗಿತಂತೆ. ಎಷ್ಟು ವರ್ಷ ಪೊಲೀಸ್ ಕೆಲಸ ಮಾಡಿ ಏನು ಬಂತು, ಮನೆಯಲ್ಲೇ ಇರುವ ಗಾಯವನ್ನು ಬಿಚ್ಚಿ ನೋಡಲಿಲ್ಲ.

ಮೊದಲು ಬಂದದ್ದು ಸಿಟ್ಟು. ಮಗಳು ಠಾಣೆಯಲ್ಲಿ ಅಳುತ್ತ ಕೂತಿದ್ದಾಳೆ, ತಾಯಿ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ. ಆದರೆ ಅದರ ಹಿಂದೆಯೇ ಎದೆ ಸ್ವಲ್ಪ ಹಗುರಾಯಿತು. ಆಕಸ್ಮಿಕ. ಮಗಳನ್ನು ನೋಡುವ ಆಸೆಗೆ ಬಂದಳು, ಮೇಷ್ಟ್ರು ಬಿದ್ದದ್ದು ಕಂಡಳು, ಹೆದರಿ ಓಡಿದಳು. ಹೆದರಿದವರು ಏನೇನೋ ಮಾಡುತ್ತಾರೆ. ಎಳೆದುಕೊಂಡು ಬಂದು ಇನ್‌ಸ್ಪೆಕ್ಟರ ಎದುರು ನಿಲ್ಲಿಸಿ ನಿಜ ಹೇಳಿಸಿದರೆ ಸಂಜೆಯೊಳಗೆ ಪುಟ್ಟಿ ಮನೆಗೆ ಬರುತ್ತಾಳೆ.

“ಸರಿ,” ಎಂದು ಎದ್ದೆ. “ನೀವು ಇದನ್ನ ಇನ್‌ಸ್ಪೆಕ್ಟರಿಗೂ ಹೇಳ್ಬೇಕು. ಮೇಷ್ಟ್ರು ಬಿದ್ದರು, ನನ್ನಕ್ಕ ಗಾಬರಿಯಲ್ಲಿ ಬಾಗಿಲು ಹಾಕಿದ್ಲು, ಅಷ್ಟೇ ತಾನೇ.”

ಕನ್ನಡಕದಂಗಡಿಯಾಕೆ ಏಳಲಿಲ್ಲ.

“ಹಾಗಲ್ಲ ಮೇಡಂ,” ಎಂದಳು.

“ಮತ್ತೆ?”

“ಬಾಗಿಲು ಹಾಕಿದಾಗ ಮೇಷ್ಟ್ರು ಬಿದ್ದಿರ್ಲಿಲ್ಲ.”

ನಾನು ಮತ್ತೆ ಕುರ್ಚಿಯಲ್ಲಿ ಕೂತೆ.

“ಪರದೆ ಅವ್ರ ಭುಜಕ್ಕೆ ಸಿಕ್ಕಿ ಈ ಕಡೆ ಸರಿದಿತ್ತು. ನಾನು ತುದೀಲಿ ಕೂತಿದ್ದೆನಲ್ಲ, ನನ್ನೊಬ್ಬಳಿಗೆ ಕಾಣ್ತಿತ್ತು. ಆಚೆ ಕಂಬಿ ಹಿಡ್ಕೊಂಡು ನಿಂತಿದ್ರು. ಒಂದು ಕಾಲು ಬರಿಗಾಲು. ನಗ್ತಿದ್ರು, ಎಷ್ಟು ಜೋರಾಗಿ ತಳ್ಳಿದ್ಲು ಅಂತ. ಒಳಗೆ ಬರೋಕೆ ಹೆಜ್ಜೆನೂ ಎತ್ತಿದ್ರು. ಆಗ ಪಕ್ಕಕ್ಕೆ ತಿರುಗಿ ಯಾರನ್ನೋ ನೋಡಿದ್ರು.”

“ಆಮೇಲೆ?”

“ಆ ನಗು ಹೋಯ್ತು ಮೇಡಂ. ಗುರುತು ಸಿಕ್ಕಿದವರ ಹಾಗೆ. ಬಾಗಿಲಂಚಿಗೆ ಒಂದು ಕೈ ಬಂತು, ಹೆಬ್ಬೆರಳಲ್ಲಿ ರಕ್ತ ಇತ್ತು. ಎಷ್ಟು ಮೆಲ್ಲಗೆ ಮುಚ್ಚಿತು ಅಂದ್ರೆ... ಮಲಗಿರೋ ಮಗುವಿನ ಕೋಣೆ ಬಾಗಿಲು ಹಾಕಿದ ಹಾಗೆ. ಪುಟ್ಟಿ ಪರದೆ ಸರಿಸಿ ನೋಡೋಷ್ಟರಲ್ಲಿ ಮುಚ್ಚಿಹೋಗಿತ್ತು, ಆಮೇಲೆ ಬಗ್ಗಿ ಚಪ್ಪಲಿ ಎತ್ಕೊಂಡ್ಲು. ನಾನು ಕಾಯ್ತಾ ಕೂತೆ, ಈಗ ತೆಗೀತಾರೆ, ಈಗ ತೆಗೀತಾರೆ ಅಂತ.”

ಆ ಅಟ್ಟಣೆಯಿಂದ ಇಳಿಯಲು ಮೆಟ್ಟಿಲು ಬಿಟ್ಟರೆ ಬೇರೆ ದಾರಿಯಿಲ್ಲ. ಮೇಲಿದ್ದವರು ಓಣಿಗೆ ಹೋಗಬೇಕಾದರೆ ಬುಡದಲ್ಲಿ ಬಿದ್ದಿದ್ದವರನ್ನು ದಾಟಿಕೊಂಡೇ ಹೋಗಬೇಕು. ಅಕ್ಕನಿಗೆ ಮೇಷ್ಟ್ರ ಪರಿಚಯವೇ ಇಲ್ಲ, ಅವರ ಮುಖವನ್ನೂ ನೋಡಿಲ್ಲ ಎಂದು ಅವಳೇ ನನಗೆ ಹೇಳಿದ್ದಳು.

ಮೇಜಿನ ಮೇಲೆ ನನ್ನ ಫೋನು ನಡುಗಿತು. ‘ಅಕ್ಕ’ ಎಂದು ಬೆಳಗುತ್ತಿದ್ದುದನ್ನು ಕನ್ನಡಕದಂಗಡಿಯಾಕೆಯೂ ನೋಡಿ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡಳು.

ಎತ್ತಿ ಕಿವಿಗಿಟ್ಟುಕೊಂಡೆ.

“ಮೇಷ್ಟ್ರಿಗೆ ಎಚ್ಚರ ಆಯ್ತಾ?”

ಭಾನುವಾರದಿಂದ ಕೇಳುತ್ತಿದ್ದ ಅದೇ ಪ್ರಶ್ನೆ, ಅದೇ ದನಿ. ಅದರಲ್ಲಿ ಆಸೆ ಇದೆ ಎಂದು ನಾನು ತಿಳಿದುಕೊಂಡಿದ್ದೆ. ಈಗ ಮೊದಲ ಬಾರಿಗೆ ಅದರೊಳಗಿನ ಭಯ ನನಗೆ ಕೇಳಿಸಿತು. ಜೀವನದಲ್ಲಿ ಎಷ್ಟೋ ಕಳ್ಳರಿಗೆ ಹೇಳಿದ ಸುಳ್ಳನ್ನು ನನ್ನ ಒಡಹುಟ್ಟಿದವಳಿಗೆ ಹೇಳಿದೆ.

“ಹೂಂ ಅಕ್ಕ. ಎಚ್ಚರ ಆಯ್ತು. ಮಾತಾಡ್ತಿದ್ದಾರೆ.”

ಆ ಕಡೆ ಏನೋ ಕೆಳಗೆ ಬಿದ್ದ ಸದ್ದಾಯಿತು, ಲೋಟವಿರಬೇಕು. ಅದು ಉರುಳಿ ನಿಲ್ಲುವುದೂ ಕೇಳಿಸಿತು. ಮಗಳು ಬಿಡುಗಡೆಯಾಗುತ್ತಾಳಾ ಎಂದು ಕೇಳಲಿ, ಅದೊಂದನ್ನು ಕೇಳಿಬಿಡಲಿ ಎಂದು ನಾನು ಕಂಡ ದೇವರಿಗೆಲ್ಲ ಬೇಡಿಕೊಂಡೆ.

“ನನ್ನ ಹೆಸರು ಹೇಳಿದ್ರಾ?” ಎಂದಳು ಅಕ್ಕ.